ಎಂಟುನೂರು ಕೆಲಸದ ಪಟ್ಟಿಯನ್ನು ನೋಡದೇ ಇರುವುದು ಹೇಗೆ

ಇಪ್ಪತ್ತು ಕೆಲಸ ಇರುವವರಿಗೆ ಯಾವ ಟು-ಡು ಆ್ಯಪ್ ಆದರೂ ನಡೆಯುತ್ತದೆ. ಚೀಟಿಯಲ್ಲಿ ಬರೆದುಕೊಂಡರೂ ನಡೆಯುತ್ತದೆ. ಕಣ್ಣು ಒಂದು ಸಲ ಮೇಲಿಂದ ಕೆಳಗೆ ಓಡಿದರೆ ಎಲ್ಲ ಓದಿ ಆಯಿತು. ಯಾವುದು ಮೊದಲು ಅನ್ನುವುದು ಓದುವಾಗಲೇ ಹೊಳೆಯುತ್ತದೆ. ಇಂಥವರು ಯಾವ ಆ್ಯಪ್ ಒಳ್ಳೆಯದು ಅಂತ ವಾದ ಮಾಡುವುದು ಸುಮ್ನೆ ಖುಷಿಗೆ.

ನನ್ನ ಪಟ್ಟಿಯಲ್ಲಿ 800ರ ಆಚೀಚೆ ಕೆಲಸ ಇರುತ್ತವೆ. ಹೀಗಂದರೆ ಕೆಲವರು ಅಯ್ಯೋ ಪಾಪ ಅನ್ನುತ್ತಾರೆ, ಕೆಲವರು ಬಡಾಯಿ ಅಂದುಕೊಳ್ಳುತ್ತಾರೆ. ಎರಡೂ ಅಲ್ಲ. ನಾನು ಪಂಪು, ಕಂಪ್ರೆಸರ್ ಥರದ ಯಂತ್ರಗಳ ಜೊತೆ ಕೊಡುವ ಕೈಪಿಡಿ ಬರೆಯುವವಳು. ಒಂದು ಹೊಸ ಮಾದರಿ ಬಂತು ಅಂದರೆ ಮೂವತ್ತು ನಲವತ್ತು ಅಧ್ಯಾಯ. ಒಂದೊಂದಕ್ಕೂ ಚಿತ್ರ, ಎಚ್ಚರಿಕೆಯ ಸಾಲು, ಬಿಡಿಭಾಗಗಳ ಪಟ್ಟಿ. ಬರೆದದ್ದನ್ನು ಇಂಜಿನಿಯರ್ ನೋಡಬೇಕು, ಸುರಕ್ಷತೆಯವರು ನೋಡಬೇಕು, ಅನುವಾದಕ್ಕೆ ಹೋಗಬೇಕು, ವಾಪಸ್ ಬರಬೇಕು. ಇದರ ಜೊತೆ ಮನೆಯ ವಿಮೆ, ಪಾಸ್‌ಪೋರ್ಟ್, ನೀರಿನ ಫಿಲ್ಟರ್, ಕಂಪ್ಯೂಟರ್ ಬ್ಯಾಕಪ್ಪು. ಎಲ್ಲ ಒಂದೇ ಕಡೆ ಇಟ್ಟುಕೊಂಡಿದ್ದೇನೆ. ಆಫೀಸಿಗೊಂದು ಮನೆಗೊಂದು ಪಟ್ಟಿ ಇಟ್ಟವರನ್ನು ನೋಡಿದ್ದೇನೆ, ಆದರೆ ದಿನ ಇರುವುದು ಒಂದೇ ಅಲ್ವಾ?

ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗ ಒಮ್ಮೆ ನನ್ನ ಪರದೆಯ ಮೇಲೆ ಪೂರ್ತಿ ಪಟ್ಟಿ ನೋಡಿಬಿಟ್ಟ. "ಮೇಡಂ, ಇದನ್ನ ದಿನಾ ನೋಡಿದರೆ ನಿದ್ದೆ ಬರುತ್ತಾ ನಿಮಗೆ?" ಅಂದ. "ನಾನು ನೋಡೋದೇ ಇಲ್ಲ ಕಣಪ್ಪ" ಅಂದೆ. ಅವನು ತಮಾಷೆ ಅಂದುಕೊಂಡು ನಕ್ಕ. ತಮಾಷೆ ಅಲ್ಲ. ಪಟ್ಟಿ ದೊಡ್ಡದಾದ ಮೇಲೆ ಸಾಫ್ಟ್‌ವೇರ್ ಮಾಡಬೇಕಾದ ಮುಖ್ಯ ಕೆಲಸ ತೋರಿಸುವುದಲ್ಲ, ಮುಚ್ಚಿಡುವುದು. ಮುಚ್ಚಿಟ್ಟದ್ದನ್ನು ಸರಿಯಾದ ದಿನ ಮತ್ತೆ ಹೊರಗೆ ತರುವುದು. ಬಣ್ಣ, ಚಿಹ್ನೆ, ಟಿಕ್ ಹಾಕಿದಾಗ ಬರುವ ಟಿಂಗ್ ಸದ್ದು ಇವೆಲ್ಲ ಇದ್ದರೆ ಇರಲಿ.

ಮೊದಲು ಸ್ವಲ್ಪ ಲೆಕ್ಕ. ಜಾನ್ ಲಿಟಲ್ ಅನ್ನುವವರು 1961ರಲ್ಲಿ ಸರದಿ ಸಾಲುಗಳ ಬಗ್ಗೆ ಒಂದು ಸೂತ್ರವನ್ನು ಸಾಬೀತು ಮಾಡಿದರು. ಲಿಟಲ್ ನಿಯಮ ಅಂತಲೇ ಅದಕ್ಕೆ ಹೆಸರು. ಸಾಲಿನಲ್ಲಿ ಸರಾಸರಿ ಎಷ್ಟು ಜನ ಇದ್ದಾರೆ ಅನ್ನುವುದು, ದಿನಕ್ಕೆ ಎಷ್ಟು ಜನ ಬರುತ್ತಾರೆ ಮತ್ತು ಒಬ್ಬೊಬ್ಬರು ಸರಾಸರಿ ಎಷ್ಟು ದಿನ ಒಳಗಿರುತ್ತಾರೆ ಎಂಬ ಎರಡರ ಗುಣಾಕಾರ. ಅಷ್ಟೇ. ಬರುವುದು ಹೋಗುವುದು ಹೆಚ್ಚುಕಮ್ಮಿ ಸಮ ಇದ್ದರೆ ಸಾಕು. ಯಾವ ಕ್ರಮದಲ್ಲಿ ಮುಗಿಸಿದರೂ ಸೂತ್ರ ನಿಲ್ಲುತ್ತದೆ.

ಇದನ್ನು ಟು-ಡು ಪಟ್ಟಿಗೆ ಹಾಕಿ ನೋಡಿ. ನನ್ನಿಂದ ದಿನಕ್ಕೆ ಎಂಟು ಕೆಲಸ ಮುಗಿಯುತ್ತವೆ ಅಂತಿಟ್ಟುಕೊಳ್ಳೋಣ. ಪಟ್ಟಿಯಲ್ಲಿ 800 ಇವೆ. ಅಂದರೆ ಒಂದು ಕೆಲಸ ಒಳಗೆ ಬಂದರೆ ಸರಾಸರಿ 100 ದಿನ ಕಾಯುತ್ತದೆ. ಮೂರು ತಿಂಗಳಿಗೂ ಮೇಲೆ! ಆದ್ಯತೆ ಹಾಕಿ ಒಂದನ್ನು ಮುಂದೆ ತಂದರೆ ಇನ್ನೊಂದು ಹಿಂದೆ ಹೋಗುತ್ತದೆ. ಕಾಯುವ ಕಾಲ ಕಡಿಮೆ ಆಗಬೇಕಾದರೆ ಇರುವುದು ಎರಡೇ ದಾರಿ. ದಿನಕ್ಕೆ ಜಾಸ್ತಿ ಮುಗಿಸಬೇಕು, ಇಲ್ಲ ಸಾಲು ಚಿಕ್ಕದಾಗಬೇಕು. ದಿನಕ್ಕೆ ಎಂಟರ ಬದಲು ಹದಿನಾರು ಮುಗಿಸುವ ಮಂತ್ರ ನನಗಂತೂ ಗೊತ್ತಿಲ್ಲ. ಹಾಗಾಗಿ ಸಾಲನ್ನೇ ನೋಡಬೇಕು.

ನೋಡಿದರೆ, 800ರಲ್ಲಿ ಬಹಳಷ್ಟು ಕೆಲಸಗಳು ನಿಜವಾಗಿ ಸಾಲಿನಲ್ಲೇ ಇಲ್ಲ. ಸುಮಾರು 300ಕ್ಕೆ ಇನ್ನೂ ಹೊತ್ತು ಬಂದಿಲ್ಲ. ಈಗ ಮಾಡಿ ಅಂದರೂ ಮಾಡಲು ಆಗುವುದಿಲ್ಲ, ಅಥವಾ ಮಾಡಿ ಪ್ರಯೋಜನ ಇಲ್ಲ. ಇನ್ನೊಂದು 120 ಬೇರೆಯವರ ಕೈಯಲ್ಲಿವೆ. 300ಕ್ಕೂ ಮೇಲೆ "ಎಂದಾದರೂ ಮಾಡಿದರೆ ಚೆನ್ನ" ಅನ್ನುವ ಜಾತಿಯವು. ಇವನ್ನೆಲ್ಲ ಕಳೆದರೆ ಇವತ್ತು ಕೂತರೆ ಮಾಡಬಹುದಾದವು 60 ಉಳಿಯುತ್ತವೆ. ಈಗ ಲೆಕ್ಕ ಹಾಕಿ. 60ನ್ನು 8ರಿಂದ ಭಾಗಿಸಿದರೆ ಏಳೂವರೆ ದಿನ. ಒಂದು ಕೆಲಸಕ್ಕೆ ಹೊತ್ತು ಬಂದ ಮೇಲೆ ಸುಮಾರು ಒಂದು ವಾರದಲ್ಲಿ ಮುಗಿಯುತ್ತದೆ ಅಂದರೆ ಅದು ಭಯಪಡುವ ಪಟ್ಟಿ ಅಲ್ಲ.

ಈ 60ನ್ನು ಸಾಫ್ಟ್‌ವೇರ್ ತಾನಾಗಿ ಬೇರೆ ಮಾಡಿ ಕೊಡಬೇಕು. ನಾನು ದಿನಾ ಕೈಯಲ್ಲಿ ಹೆಕ್ಕುವ ಹಾಗಿದ್ದರೆ ಆ ಆ್ಯಪ್ ನನಗೆ ಬೇಡ.

ಇಲ್ಲಿ ಬರುತ್ತದೆ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ವಿಷಯ: ದಿನಾಂಕ. ಒಂದಲ್ಲ, ಎರಡು. ಒಂದು ಗಡುವು, ಅಂದರೆ ಅದು ದಾಟಿದರೆ ಏನಾದರೂ ಕೆಡುವ ದಿನ. ಇನ್ನೊಂದು ಶುರುವಿನ ದಿನ, ಅಂದರೆ ಆ ದಿನದವರೆಗೆ ಈ ಕೆಲಸ ನನ್ನ ಕಣ್ಣಿಗೆ ಬೀಳಕೂಡದು. ಪಾಸ್‌ಪೋರ್ಟ್ ಅವಧಿ ನವೆಂಬರಿನಲ್ಲಿ ಮುಗಿಯುತ್ತದೆ ಅಂತಿಟ್ಟುಕೊಳ್ಳಿ. ಗಡುವು ನವೆಂಬರ್. ಆದರೆ ನನಗೆ ಅದು ಕಾಣಬೇಕಾದ್ದು ಮಾರ್ಚಿನಲ್ಲಿ. ಜನವರಿಯಲ್ಲಿ ಕಂಡರೆ ಕಿರಿಕಿರಿ, ನವೆಂಬರಿನಲ್ಲಿ ಕಂಡರೆ ಗಂಡಾಂತರ.

ಹೆಚ್ಚಿನ ಜನ ಶುರುವಿನ ದಿನದ ಕೆಲಸವನ್ನೂ ಗಡುವಿನ ಜಾಗದಲ್ಲೇ ಮಾಡಿಸುತ್ತಾರೆ. "ಮಂಗಳವಾರ ಮಾಡೋಣ" ಅನ್ನಿಸಿದ್ದಕ್ಕೆ ಮಂಗಳವಾರದ ಗಡುವು ಹಾಕುತ್ತಾರೆ. ಮಂಗಳವಾರ ಆಗುವುದಿಲ್ಲ. ಬುಧವಾರ ಕೆಂಪು ಬಣ್ಣ. ಗುರುವಾರ ಅದರ ಪಕ್ಕ ಇನ್ನೂ ನಾಲ್ಕು ಕೆಂಪು. ತಿಂಗಳೊಳಗೆ ಪಟ್ಟಿ ಪೂರ್ತಿ ಕೆಂಪು, ಅದರಲ್ಲಿ ನಿಜವಾದ ಗಡುವು ಯಾವುದು, ಆಸೆಯ ಗಡುವು ಯಾವುದು ಅಂತ ಬರೆದವರಿಗೇ ತಿಳಿಯುವುದಿಲ್ಲ. ಆಮೇಲೆ ಕೆಂಪು ಬಣ್ಣಕ್ಕೆ ಕಣ್ಣು ಒಗ್ಗಿಹೋಗುತ್ತದೆ. ಅಲ್ಲಿಗೆ ಆ ಆ್ಯಪ್ ಸತ್ತ ಹಾಗೆ.

ನನ್ನ ನಿಯಮ ಗಡುಸಾದದ್ದು. ಹೊರಗಿನವರು ಯಾರೋ ಕೊಟ್ಟ ದಿನ, ಇಲ್ಲವೇ ದಾಟಿದರೆ ದಂಡ ಬೀಳುವ ದಿನ ಇದ್ದರೆ ಮಾತ್ರ ಗಡುವು. ಉಳಿದದ್ದಕ್ಕೆಲ್ಲ ಶುರುವಿನ ದಿನ. 800ರಲ್ಲಿ ಗಡುವು ಇರುವವು ಹತ್ತರಲ್ಲಿ ಒಂದು ಪಾಲೂ ಇರಲಾರವು.

ಇದು ಹೊಸ ಯೋಚನೆ ಏನಲ್ಲ. ಕ್ಯಾಲೆಂಡರ್ ಆ್ಯಪ್‌ಗಳು ಒಂದರ ಜೊತೆ ಒಂದು ಮಾತಾಡಲು ಬಳಸುವ ಐಕ್ಯಾಲೆಂಡರ್ ಎಂಬ ಮಾದರಿ ಇದೆ. 1998ರಲ್ಲಿ ಬಂದದ್ದು, 2009ರಲ್ಲಿ ತಿದ್ದಿ ಮತ್ತೆ ಹೊರತಂದರು. ಅದರಲ್ಲಿ ಮಾಡಬೇಕಾದ ಕೆಲಸಕ್ಕೆ ಶುರುವಿನ ದಿನವೂ ಇದೆ, ಗಡುವೂ ಇದೆ. ಆದರೂ ಎಷ್ಟೋ ಆ್ಯಪ್‌ಗಳು ಒಂದೇ ದಿನಾಂಕ ಕೊಟ್ಟು ಕೈತೊಳೆದುಕೊಂಡವು. ಓಮ್ನಿಫೋಕಸ್ ಅನ್ನುವುದರಲ್ಲಿ ಮುಂದೂಡುವ ದಿನ ಅಂತಲೇ ಬೇರೆ ಜಾಗ ಇದೆ. ಥಿಂಗ್ಸ್‌ನಲ್ಲಿ "ಯಾವಾಗ" ಬೇರೆ, ಡೆಡ್‌ಲೈನ್ ಬೇರೆ. ಟುಡುಯಿಸ್ಟ್‌ನಲ್ಲಿ ಬಹಳ ವರ್ಷ ಒಂದೇ ದಿನಾಂಕ ಇತ್ತು, ಈಚೆಗೆ ಡೆಡ್‌ಲೈನ್ ಅಂತ ಬೇರೆ ಮಾಡಿದ್ದಾರೆ. ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡಿ ಬಳಸುವ ಟಾಸ್ಕ್‌ವಾರಿಯರ್‌ನಲ್ಲಿ "ವೇಟ್" ಅಂತ ಒಂದು ಗುಣ ಇದೆ. ಆ ದಿನ ಬರುವವರೆಗೆ ಕೆಲಸ ಪಟ್ಟಿಯಿಂದಲೇ ಮಾಯ. ಹೊಸ ಆ್ಯಪ್ ನೋಡುವಾಗ ನಾನು ಮೊದಲು ಹುಡುಕುವುದು ಇದನ್ನೇ. ಇದಿಲ್ಲದಿದ್ದರೆ ಮುಂದಿನ ಪುಟ ನೋಡುವುದಿಲ್ಲ.

ನಾನು ಸದ್ಯ ಬಳಸುತ್ತಿರುವುದು ಆರ್ಗ್ ಮೋಡ್. ಈಮ್ಯಾಕ್ಸ್ ಎಂಬ, ಪಠ್ಯ ಬರೆದು ತಿದ್ದುವ ಹಳೇ ಎಡಿಟರಿನ ಒಳಗೆ ಓಡುತ್ತದೆ. ಕಾರ್ಸ್ಟನ್ ಡೊಮಿನಿಕ್ ಎಂಬ ಖಗೋಳ ವಿಜ್ಞಾನಿ 2003ರಲ್ಲಿ ತಮ್ಮ ಸ್ವಂತ ಟಿಪ್ಪಣಿ ಮತ್ತು ಕೆಲಸಗಳನ್ನು ಸಂಭಾಳಿಸಲು ಶುರು ಮಾಡಿದ್ದು. ಎಲ್ಲರಿಗೂ ಇದನ್ನು ಹಿಡಿಯಿರಿ ಅಂತ ನಾನು ಹೇಳುವುದಿಲ್ಲ. ಕಲಿಯಲು ತಾಳ್ಮೆ ಬೇಕು, ನೋಡಲು ಚೆಂದ ಇಲ್ಲ. ಆದರೆ ದಿನಾಂಕದ ವಿಷಯದಲ್ಲಿ ಇದರಷ್ಟು ಸರಿಯಾಗಿ ಯೋಚಿಸಿದ್ದು ನಾನು ಕಂಡಿಲ್ಲ. ಇದರಲ್ಲೂ ಎರಡು ದಿನ. ಶುರುವಿನ ದಿನ ಹಾಕಿದ ಕೆಲಸ ಆ ದಿನದಿಂದ ಅಜೆಂಡಾ ಎಂಬ ಪುಟದಲ್ಲಿ ಕಾಣುತ್ತದೆ, ಮುಗಿಸುವ ತನಕ ದಿನಾ ಕಾಣುತ್ತಲೇ ಇರುತ್ತದೆ, ಎಷ್ಟು ದಿನದಿಂದ ಕೂತಿದೆ ಅಂತ ಪಕ್ಕದಲ್ಲಿ ಸಂಖ್ಯೆಯೂ ಇರುತ್ತದೆ. ಗಡುವು ಹಾಕಿದ್ದು 14 ದಿನ ಮೊದಲಿಂದಲೇ ಎಚ್ಚರಿಸತೊಡಗುತ್ತದೆ. ಈ 14 ಅನ್ನುವುದು ನಾವು ಏನೂ ಮುಟ್ಟದಿದ್ದರೆ ಇರುವ ಸಂಖ್ಯೆ. ಒಂದೊಂದು ಕೆಲಸಕ್ಕೂ ಬೇರೆ ಬೇರೆ ಹಾಕಬಹುದು. ಅನುವಾದಕ್ಕೆ ಕಳಿಸುವ ಗಡುವಿಗೆ ನಾನು 30 ದಿನ ಹಾಕುತ್ತೇನೆ. ವಿಮೆ ಕಟ್ಟುವುದಕ್ಕೆ 5 ದಿನ ಸಾಕು.

ಮುಚ್ಚಿಡುವ ಇನ್ನೊಂದು ದಾರಿ ಸರಪಳಿ. ನನ್ನ ಒಂದು ಅಧ್ಯಾಯಕ್ಕೆ ಐದು ಹಂತ: ಬರೆಯುವುದು, ಚಿತ್ರ ಹಾಕಿಸುವುದು, ಇಂಜಿನಿಯರ್ ಒಪ್ಪಿಗೆ, ಸುರಕ್ಷತೆಯ ಒಪ್ಪಿಗೆ, ಅನುವಾದ. ನಲವತ್ತು ಅಧ್ಯಾಯ ಅಂದರೆ 200 ಕೆಲಸ. ಆದರೆ ಯಾವ ಹೊತ್ತಿಗೆ ನೋಡಿದರೂ ಒಂದು ಅಧ್ಯಾಯದಲ್ಲಿ ಮಾಡಬಹುದಾದ್ದು ಒಂದೇ ಹಂತ. ಹಾಗಾಗಿ ಕಾಣಬೇಕಾದ್ದು ಹೆಚ್ಚೆಂದರೆ 40. ಓಮ್ನಿಫೋಕಸ್‌ನಲ್ಲಿ ಒಂದು ಪ್ರಾಜೆಕ್ಟನ್ನು ಒಂದಾದ ಮೇಲೆ ಒಂದು ಅಂತ ಗುರುತು ಹಾಕಿದರೆ ಮುಂದಿನ ಒಂದನ್ನು ಮಾತ್ರ ತೋರಿಸುತ್ತದೆ. ಟಾಸ್ಕ್‌ವಾರಿಯರ್‌ನಲ್ಲಿ "ಈ ಕೆಲಸ ಆ ಕೆಲಸದ ಮೇಲೆ ನಿಂತಿದೆ" ಅಂತ ಹೇಳಬಹುದು. ಆರ್ಗ್ ಮೋಡ್‌ನಲ್ಲೂ ಒಂದು ಸೆಟ್ಟಿಂಗ್ ಇದೆ. ಇದಿಲ್ಲದ ಆ್ಯಪ್ ಬಳಸುವವರಿಗೆ ನನ್ನ ಸಲಹೆ ಬೇರೆ: ಮುಂದಿನ ಹಂತಗಳನ್ನು ಕೆಲಸಗಳಾಗಿ ಬರೆಯಲೇ ಬೇಡಿ. ಒಂದೇ ಕೆಲಸ ಇಟ್ಟು ಅದರ ಟಿಪ್ಪಣಿಯಲ್ಲಿ ಹಂತಗಳನ್ನು ಬರೆಯಿರಿ. ಒಂದು ಹಂತ ಮುಗಿದಾಗ ಕೆಲಸದ ಹೆಸರನ್ನೇ ಬದಲಿಸಿ. ಒರಟಾದ ದಾರಿ, ಆದರೆ ನಡೆಯುತ್ತದೆ.

ಆದ್ಯತೆಯ ಬಗ್ಗೆ ಏನೂ ಹೇಳಿಲ್ಲವಲ್ಲ ಅಂತ ಕೇಳಬಹುದು. ಹೇಳಲು ಜಾಸ್ತಿ ಇಲ್ಲ. 800 ಕೆಲಸಕ್ಕೆ ನಾಲ್ಕು ಬಣ್ಣದ ಬಾವುಟ ಹಂಚಿದರೆ ಒಂದೊಂದು ಬಣ್ಣದಲ್ಲಿ 200. ಅದರಲ್ಲಿ ಮೊದಲನೆಯದು ಯಾವುದು? ಐಕ್ಯಾಲೆಂಡರಿನಲ್ಲಿ 1ರಿಂದ 9ರವರೆಗೆ ಆದ್ಯತೆ ಕೊಡಬಹುದು. 4ಕ್ಕೂ 5ಕ್ಕೂ ಏನು ವ್ಯತ್ಯಾಸ ಅಂತ ಯೋಚಿಸುತ್ತ ಕೂತರೆ ಒಂದು ಕೆಲಸ ಮುಗಿಸುವಷ್ಟು ಹೊತ್ತು ಹೋಗುತ್ತದೆ. ಅದೂ ಅಲ್ಲದೆ ಆದ್ಯತೆ ಹಳಸುತ್ತದೆ. ಮೂರು ತಿಂಗಳ ಹಿಂದೆ ಅತಿ ಮುಖ್ಯ ಅಂತ ಗುರುತು ಹಾಕಿದ್ದು ಈಗಲೂ ಹಾಗೇ ಕೂತಿದ್ದರೆ, ಅದು ಅಷ್ಟೇನೂ ಮುಖ್ಯ ಆಗಿರಲಿಲ್ಲ ಅಂತ ತಾನೇ?

ಟಾಸ್ಕ್‌ವಾರಿಯರ್ ಈ ವಿಷಯದಲ್ಲಿ ಒಂದು ಮಜಾ ಮಾಡಿದೆ. ಪ್ರತಿ ಕೆಲಸಕ್ಕೂ ತುರ್ತಿನ ಅಂಕ ಲೆಕ್ಕ ಹಾಕುತ್ತದೆ. ಗಡುವು ಹತ್ತಿರ ಬಂದ ಹಾಗೆ 12ರವರೆಗೆ ಅಂಕ, ಮೇಲಿನ ಆದ್ಯತೆ ಇದ್ದರೆ 6, ಬೇರೆ ಕೆಲಸಕ್ಕಾಗಿ ಕಾಯುತ್ತಿದ್ದರೆ 5 ಕಡಿತ, ಹಳೆಯದಾದಷ್ಟೂ 2ರವರೆಗೆ. ಎಲ್ಲ ಕೂಡಿಸಿ ಸಾಲು ಜೋಡಿಸುತ್ತದೆ. ಈ ಅಂಕಗಳನ್ನು ನಮಗೆ ಬೇಕಾದ ಹಾಗೆ ಬದಲಿಸಲೂಬಹುದು. ಲೆಕ್ಕ ಇಷ್ಟಪಡುವವರಿಗೆ ಇದು ಸ್ವರ್ಗ. ನನಗೆ ಅದರ ಮೊದಲ ಸಾಲು ಕಂಡಾಗೆಲ್ಲ "ಇಲ್ಲ, ಇದಲ್ಲ" ಅನ್ನಿಸುತ್ತಿತ್ತು. ಅಂಕಗಳ ಜೊತೆ ವಾದ ಮಾಡುವುದೇ ಒಂದು ಕೆಲಸವಾಗಿತ್ತು. ಮುಚ್ಚಿಡುವುದು ಸರಿಯಾಗಿದ್ದರೆ ಉಳಿಯುವ 60ನ್ನು ಕಣ್ಣಲ್ಲೇ ಓದಬಹುದು. ಹಿಂದಿನ ಸಂಜೆ ಕೂತು ಓದಿ, ಏಳೆಂಟು ಆರಿಸಿ, ಇವತ್ತು ಅಂತ ಗುರುತು ಹಾಕುತ್ತೇನೆ. ಅಷ್ಟು ಸಾಕು. ಮೈಕ್ರೋಸಾಫ್ಟ್ ಟು ಡುವಿನಲ್ಲಿ "ಮೈ ಡೇ" ಅಂತ ಒಂದು ಪುಟ ಇದೆ. ದಿನದ ಕೊನೆಗೆ ಅದು ತಾನಾಗಿ ಖಾಲಿ ಆಗುತ್ತದೆ, ಮುಗಿಯದ ಕೆಲಸ ತನ್ನ ಮೂಲ ಪಟ್ಟಿಯಲ್ಲಿ ಹಾಗೇ ಇರುತ್ತದೆ. ಆ ಆ್ಯಪ್‌ನ ಬೇರೆ ವಿಷಯ ಏನೇ ಇರಲಿ, ಈ ಖಾಲಿ ಮಾಡುವ ಯೋಚನೆ ಮಾತ್ರ ನನಗೆ ಬಹಳ ಇಷ್ಟ. ನಿನ್ನೆಯ ಉಳಿಕೆ ಇವತ್ತಿನ ತಲೆ ಮೇಲೆ ಕೂರುವುದಿಲ್ಲ.

ಮರುಕಳಿಸುವ ಕೆಲಸಗಳ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ದೊಡ್ಡ ಪಟ್ಟಿ ಕೆಡುವುದು ಹೆಚ್ಚಾಗಿ ಇಲ್ಲೇ. ಮರುಕಳಿಸುವುದರಲ್ಲಿ ಎರಡು ಬಗೆ. ಒಂದು, ಕ್ಯಾಲೆಂಡರಿಗೆ ಕಟ್ಟಿದ್ದು. ವಿಮೆ ಪ್ರತಿ ವರ್ಷ ಅದೇ ತಾರೀಕಿಗೆ, ನಾನು ಈ ಸಲ ಹತ್ತು ದಿನ ಮೊದಲೇ ಕಟ್ಟಿದರೂ. ಇನ್ನೊಂದು, ಮಾಡಿದ ದಿನಕ್ಕೆ ಕಟ್ಟಿದ್ದು. ನೀರಿನ ಫಿಲ್ಟರ್ ಬದಲಿಸಿ ಆರು ತಿಂಗಳಾದ ಮೇಲೆ ಮತ್ತೆ ಬದಲಿಸಬೇಕು. ಈ ಸಲ ಒಂದು ತಿಂಗಳು ತಡವಾಗಿ ಬದಲಿಸಿದರೆ ಮುಂದಿನದೂ ಒಂದು ತಿಂಗಳು ಆಚೆ. ಟುಡುಯಿಸ್ಟ್‌ನಲ್ಲಿ ಮೊದಲನೆಯದಕ್ಕೆ "ಎವ್ರಿ" ಅಂತ ಬರೆಯಬೇಕು, ಎರಡನೆಯದಕ್ಕೆ ಅದರ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಅಷ್ಟು ಸಣ್ಣ ಗುರುತು, ಅಷ್ಟು ದೊಡ್ಡ ವ್ಯತ್ಯಾಸ.

ಆರ್ಗ್ ಮೋಡ್‌ನಲ್ಲಿ ಮೂರು ಬಗೆ ಇವೆ. ಒಂದು ಪ್ಲಸ್ ಹಾಕಿದರೆ ಹಳೆಯ ದಿನಾಂಕಕ್ಕೆ ಒಂದು ಅವಧಿ ಕೂಡಿಸುತ್ತದೆ, ಅದು ಇನ್ನೂ ಹಿಂದಿನ ದಿನವೇ ಆಗಿದ್ದರೂ. ಮೂರು ತಿಂಗಳ ಬಾಡಿಗೆ ಬಾಕಿ ಇದ್ದರೆ ಮೂರು ಸಲ ಟಿಕ್ ಹಾಕಲೇಬೇಕಲ್ಲ, ಅಂಥದ್ದಕ್ಕೆ ಇದು. ಎರಡು ಪ್ಲಸ್ ಹಾಕಿದರೆ ತಪ್ಪಿದವನ್ನೆಲ್ಲ ಬಿಟ್ಟು ಮುಂದೆ ಬರುವ ದಿನಕ್ಕೆ ಹಾರುತ್ತದೆ, ವಾರದ ದಿನ ಮಾತ್ರ ಅದೇ. ಶನಿವಾರದ ಕೆಲಸ ಶನಿವಾರವೇ ಉಳಿಯುತ್ತದೆ. ಪ್ಲಸ್ಸಿನ ಹಿಂದೆ ಚುಕ್ಕಿ ಇಟ್ಟರೆ ಇವತ್ತಿನಿಂದ ಎಣಿಸುತ್ತದೆ. ನನ್ನ ಮನೆಕೆಲಸಗಳಲ್ಲಿ ಬಹುಪಾಲು ಚುಕ್ಕಿಯ ಬಗೆಯವು. ಒಂದು ವಾರ ಊರಲ್ಲಿ ಇಲ್ಲದೆ ಹೋಗಿ ಬಂದರೆ ಗಿಡಕ್ಕೆ ನೀರು ಹಾಕು ಅಂತ ಏಳು ಸಲ ಕಾಣಬಾರದು ಅಲ್ವಾ. ಗಿಡಕ್ಕೆ ಬೇಕಾದ್ದು ಒಂದೇ ಸಲ, ಅದೂ ಈಗಲೇ.

ಬೇರೆಯವರಿಂದ ಬರಬೇಕಾದ 120ರ ಬಗ್ಗೆ ಎರಡು ಮಾತು. ಇವುಗಳನ್ನು ನನ್ನ ಕೆಲಸದ ಜೊತೆ ಬೆರೆಸುವುದಿಲ್ಲ. ಬೇರೆ ಸ್ಥಿತಿ ಕೊಟ್ಟಿದ್ದೇನೆ: "ಕಾಯುತ್ತಿದೆ". ಹೆಸರಿನಲ್ಲೇ ಯಾರಿಂದ ಅನ್ನುವುದು ಮೊದಲು ಬರುತ್ತದೆ, ಆಮೇಲೆ ಏನು, ಆಮೇಲೆ ಯಾವತ್ತು ಕೇಳಿದ್ದು. ಶುರುವಿನ ದಿನ ಅಂದರೆ ಇಲ್ಲಿ ಮತ್ತೆ ಜ್ಞಾಪಿಸುವ ದಿನ. ಅಲ್ಲಿಯವರೆಗೆ ಕಾಣುವುದಿಲ್ಲ. ಆ ವ್ಯಕ್ತಿಯ ಜೊತೆ ಫೋನಿನಲ್ಲಿ ಮಾತಾಡುವಾಗ ಅವರ ಹೆಸರು ಹುಡುಕಿದರೆ ಬಾಕಿ ಎಲ್ಲ ಒಟ್ಟಿಗೆ ಬರುತ್ತದೆ. ಒಂದು ಮಾತಿನಲ್ಲಿ ಆರು ಬಾಕಿ ಕೇಳಿಬಿಡಬಹುದು. ಪಾಪ, ಅವರಿಗೆ ಇಷ್ಟ ಆಗುವುದಿಲ್ಲ.

ಹುಡುಕುವುದು ಅಂದೆನಲ್ಲ, ಕೆಲಸಕ್ಕೆ ಹೆಸರಿಡುವುದು ಅದಕ್ಕೇ ಮುಖ್ಯ. "ಚಿತ್ರ 14" ಅಂತ ಬರೆದರೆ ಬರೆದ ದಿನ ಅರ್ಥ ಆಗುತ್ತದೆ. ಎರಡು ತಿಂಗಳ ಮೇಲೆ ಯಾವ ಯಂತ್ರ, ಏನಾಗಬೇಕು ಒಂದೂ ತಿಳಿಯುವುದಿಲ್ಲ. "ಸಣ್ಣ ಕಂಪ್ರೆಸರ್: ಚಿತ್ರ 14ರಲ್ಲಿ ವಾಲ್ವಿನ ಬಾಣ ಉಲ್ಟಾ ಇದೆ, ತಿದ್ದಿ ಕಳಿಸು" ಅಂತ ಬರೆದರೆ ಓದಿದ ತಕ್ಷಣ ಕೈ ಕೆಲಸಕ್ಕೆ ಹೋಗುತ್ತದೆ. ಇದಕ್ಕೆ ಹತ್ತು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ. ಟ್ಯಾಗ್ ಹಾಕುವುದರಲ್ಲಿ ಕಳೆಯುವ ಹೊತ್ತನ್ನು ಹೆಸರಿಗೆ ಕೊಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನನ್ನ ಬಳಿ ಇರುವ ಟ್ಯಾಗ್ ನಾಲ್ಕೇ: ಫೋನ್, ಹೊರಗೆ ಹೋದಾಗ, ಸುಸ್ತಾದಾಗ, ಮುದ್ರಣ. "ಸುಸ್ತಾದಾಗ" ಅನ್ನುವುದು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸಂಜೆ ತಲೆ ಓಡದಿದ್ದಾಗ ಫೈಲುಗಳ ಹೆಸರು ಬದಲಿಸುವುದು, ಹಳೇ ಚಿತ್ರ ಅಳಿಸುವುದು ಇಂಥವನ್ನೆಲ್ಲ ಅದರ ಕೆಳಗೆ ಹಾಕಿದ್ದೇನೆ.

ಇಷ್ಟೆಲ್ಲ ಯಾಕೆ ಬರೆದಿಡಬೇಕು, ನೆನಪಿರುವುದು ಹೇಗೂ ನೆನಪಿರುತ್ತದೆ ಅನ್ನುವವರಿದ್ದಾರೆ. ನೆನಪಿರುವುದೇ ತೊಂದರೆ. ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ 1927ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತದ್ದು ಜನರ ನೆನಪಿನಲ್ಲಿ ಹೆಚ್ಚು ಉಳಿದಿತ್ತು. 2011ರಲ್ಲಿ ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು ಇನ್ನೊಂದು ತೋರಿಸಿದರು. ಮುಗಿಯದ ಕೆಲಸ ಮನಸ್ಸನ್ನು ಕೊರೆಯುವುದು ನಿಲ್ಲಲು ಅದನ್ನು ಮುಗಿಸಲೇಬೇಕು ಅಂತಿಲ್ಲ, ಯಾವಾಗ ಹೇಗೆ ಮಾಡುತ್ತೇನೆ ಅಂತ ಖಚಿತ ಯೋಜನೆ ಮಾಡಿದರೂ ಸಾಕು. ನನ್ನ ಶುರುವಿನ ದಿನ ಮಾಡುವುದು ಇದನ್ನೇ. ಮಾರ್ಚಿನಲ್ಲಿ ಬರುತ್ತದೆ ಅಂತ ನಂಬಿಕೆ ಇದ್ದರೆ ಜನವರಿಯಲ್ಲಿ ಪಾಸ್‌ಪೋರ್ಟ್ ತಲೆಗೆ ಬರುವುದಿಲ್ಲ. ಆದರೆ ನಂಬಿಕೆ ಇರಬೇಕು. ಆ್ಯಪ್ ಒಂದೇ ಒಂದು ಸಲ ಕೈಕೊಟ್ಟರೂ ತಲೆ ಮತ್ತೆ ತಾನೇ ನೆನಪಿಟ್ಟುಕೊಳ್ಳಲು ಶುರು ಮಾಡುತ್ತದೆ.

ಇನ್ನು "ಎಂದಾದರೂ" ಪಟ್ಟಿ. ಅದು ಅಟ್ಟ ಇದ್ದ ಹಾಗೆ. ಹಾಕುವುದು ಸುಲಭ, ಇಳಿಸುವವರು ಯಾರೂ ಇಲ್ಲ. ಓಮ್ನಿಫೋಕಸ್‌ನಲ್ಲಿ ಪ್ರತಿ ಪ್ರಾಜೆಕ್ಟಿಗೂ ಎಷ್ಟು ದಿನಕ್ಕೊಮ್ಮೆ ಪರಿಶೀಲಿಸಬೇಕು ಅಂತ ಬೇರೆ ಬೇರೆ ಇಡಬಹುದು. ಆ ಯೋಚನೆಯನ್ನು ನಾನು ಎತ್ತಿಕೊಂಡಿದ್ದೇನೆ. ಓಡುತ್ತಿರುವ ಕೈಪಿಡಿಗಳನ್ನು ವಾರಕ್ಕೊಮ್ಮೆ ನೋಡುತ್ತೇನೆ, ಮನೆಯದನ್ನು ತಿಂಗಳಿಗೊಮ್ಮೆ, "ಎಂದಾದರೂ" ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ. ಎಲ್ಲವನ್ನೂ ಪ್ರತಿ ವಾರ ನೋಡಬೇಕು ಅನ್ನುವ ಉಪದೇಶ ಸಣ್ಣ ಪಟ್ಟಿಯವರಿಗೆ ಸರಿ. 800 ಇದ್ದರೆ ಭಾನುವಾರ ಪೂರ್ತಿ ಹೋಗುತ್ತದೆ, ಎರಡನೇ ಭಾನುವಾರ ಯಾರೂ ಕೂರುವುದಿಲ್ಲ.

ಮೂರು ತಿಂಗಳಿಗೊಮ್ಮೆ ನೋಡುವಾಗ ನಾನು ಮಾಡುವ ಮುಖ್ಯ ಕೆಲಸ ಕೈಬಿಡುವುದು. ಅಳಿಸುವುದಲ್ಲ. ಐಕ್ಯಾಲೆಂಡರಿನಲ್ಲಿ ಕೆಲಸಕ್ಕೆ ಮುಗಿದಿದೆ ಅನ್ನುವುದಲ್ಲದೆ ರದ್ದಾಗಿದೆ ಅನ್ನುವ ಸ್ಥಿತಿಯೂ ಇದೆ. ಆರ್ಗ್ ಮೋಡ್‌ನಲ್ಲಿ ನಾವೇ ಹೊಸ ಸ್ಥಿತಿ ಮಾಡಿಕೊಳ್ಳಬಹುದು. ನನ್ನದರಲ್ಲಿ "ಬಿಟ್ಟೆ" ಅಂತಿದೆ. ಬಿಡುವಾಗ ಒಂದು ಸಾಲು ಕಾರಣ ಬರೆಯುತ್ತೇನೆ: "ಹಳೇ ಮಾದರಿ ನಿಂತುಹೋಯಿತು", "ಬೇರೆಯವರು ಮಾಡಿದರು", "ಆಸೆ ಹೋಯಿತು". ಅಳಿಸಿದರೆ ಒಂದು ತೊಂದರೆ ಇದೆ. ಅದೇ ಯೋಚನೆ ಆರು ತಿಂಗಳ ಮೇಲೆ ಹೊಸ ಬಟ್ಟೆ ತೊಟ್ಟು ಮತ್ತೆ ಬರುತ್ತದೆ, ಇದನ್ನು ಆಗಲೇ ಯೋಚಿಸಿ ಬಿಟ್ಟಿದ್ದೆ ಅಂತ ಗೊತ್ತಾಗುವುದಿಲ್ಲ. ಕಾರಣ ಬರೆದಿಟ್ಟರೆ ಹುಡುಕಿದಾಗ ಸಿಗುತ್ತದೆ, ಎರಡನೇ ಸಲ ಬಿಡಲು ಎರಡು ಸೆಕೆಂಡ್ ಸಾಕು.

ಆ್ಯಪ್ ಯಾವುದೇ ಆಗಲಿ, ಶುರುವಿನಲ್ಲೇ ನೋಡಬೇಕಾದ ಇನ್ನೊಂದು ವಿಷಯ: ಇದು ಮುಚ್ಚಿದರೆ ನನ್ನ ಪಟ್ಟಿ ಹೇಗೆ ಹೊರಗೆ ಬರುತ್ತದೆ? ಇದು ಅತಿ ಜಾಗ್ರತೆ ಅನ್ನಿಸಬಹುದು, ಆದರೆ ಹಾಗೆ ಆಗಿದೆ. ಆಸ್ಟ್ರಿಡ್ ಬಹಳ ಜನ ಬಳಸುತ್ತಿದ್ದ ಆ್ಯಪ್. 2013ರಲ್ಲಿ ಯಾಹೂ ಕೊಂಡಿತು, ಕೆಲವೇ ತಿಂಗಳಲ್ಲಿ ಮುಚ್ಚಿತು. ಬರ್ಲಿನ್‌ನವರು 2010ರಲ್ಲಿ ತಂದ ವಂಡರ್‌ಲಿಸ್ಟನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡಿತು, 2020ರ ಮೇ ತಿಂಗಳಲ್ಲಿ ನಿಲ್ಲಿಸಿತು. ಅದರ ಬಳಕೆದಾರರಿಗೆ ಮೈಕ್ರೋಸಾಫ್ಟ್ ಟು ಡುವಿಗೆ ಹೋಗುವ ದಾರಿ ಕೊಟ್ಟರು ಅನ್ನುವುದು ಸಮಾಧಾನ. ಆಸ್ಟ್ರಿಡ್‌ನ ತೆರೆದ ಕೋಡಿನಿಂದ ಟಾಸ್ಕ್ಸ್ ಎಂಬ ಆ್ಯಪ್ ಹುಟ್ಟಿ ಇನ್ನೂ ನಡೆಯುತ್ತಿದೆ.

ಎಕ್ಸ್‌ಪೋರ್ಟ್ ಬಟನ್ ಇದೆ ಅಂದ ಮಾತ್ರಕ್ಕೆ ನಂಬಬೇಡಿ, ಒತ್ತಿ ನೋಡಿ. ನಾನು ಹಿಂದೆ ಬಳಸುತ್ತಿದ್ದ ಒಂದು ಆ್ಯಪ್‌ನಿಂದ ಹೊರಗೆ ತಂದ ಫೈಲಿನಲ್ಲಿ ಕೆಲಸಗಳ ಹೆಸರು, ಗಡುವು ಎಲ್ಲ ಇತ್ತು. ಮರುಕಳಿಸುವ ನಿಯಮ ಮಾತ್ರ ಇರಲಿಲ್ಲ. ಆರು ತಿಂಗಳಿಗೊಮ್ಮೆ, ಮೂರನೇ ಶನಿವಾರಕ್ಕೊಮ್ಮೆ ಅನ್ನುವುದನ್ನೆಲ್ಲ ಒಂದೊಂದಾಗಿ ಮತ್ತೆ ಕೈಯಲ್ಲಿ ಹಾಕಬೇಕಾಯಿತು. ಆಮೇಲೇ ನಾನು ಬರಿಯ ಪಠ್ಯದ ಫೈಲುಗಳ ಕಡೆ ಹೊರಳಿದ್ದು. ಆರ್ಗ್ ಮೋಡ್‌ನ ಫೈಲನ್ನು ಯಾವ ಎಡಿಟರಿನಲ್ಲಾದರೂ ತೆರೆದು ಓದಬಹುದು. ಇನ್ನೂ ಸರಳ ಬೇಕು ಅನ್ನುವವರಿಗೆ ಜಿನಾ ಟ್ರಪಾನಿ 2006ರಲ್ಲಿ ಶುರು ಮಾಡಿದ ಟುಡು ಡಾಟ್ ಟೆಕ್ಸ್ಟ್ ಇದೆ. ಒಂದು ಸಾಲಿಗೆ ಒಂದು ಕೆಲಸ. ಪ್ರಾಜೆಕ್ಟಿಗೆ ಪ್ಲಸ್ ಗುರುತು, ಎಲ್ಲಿ ಮಾಡಬೇಕು ಅನ್ನುವುದಕ್ಕೆ ಈಮೇಲಿನಲ್ಲಿ ಬಳಸುವ ಆ್ಯಟ್ ಗುರುತು. ಕಲಿಯಲು ಐದು ನಿಮಿಷ. ಆದರೆ ಶುರುವಿನ ದಿನ ಅದರ ಮೂಲ ನಿಯಮದಲ್ಲಿ ಇಲ್ಲ. ಹೊರಗಿನವರು ಮಾಡಿದ ಸೇರ್ಪಡೆಗಳಿಂದ ಬರುತ್ತದೆ. ನನಗೆ ಅದೇ ಮುಖ್ಯವಾದ್ದರಿಂದ ಅಲ್ಲಿ ನಿಲ್ಲಲಿಲ್ಲ.

ಫೋನಿನ ವಿಷಯದಲ್ಲಿ ಸ್ವಲ್ಪ ರಾಜಿ ಮಾಡಿಕೊಂಡಿದ್ದೇನೆ. ಆರ್ಗ್‌ಜ್ಲಿ ಅನ್ನುವ ಆ್ಯಪ್ ಇದೇ ಫೈಲುಗಳನ್ನು ಆಂಡ್ರಾಯ್ಡ್‌ನಲ್ಲಿ ತೋರಿಸುತ್ತದೆ. ಅದರಲ್ಲಿ ನಾನು ಮಾಡುವುದು ಎರಡೇ: ಹೊಸದನ್ನು ಇನ್‌ಬಾಕ್ಸಿಗೆ ಹಾಕುವುದು, ಇವತ್ತಿನದಕ್ಕೆ ಟಿಕ್ ಹಾಕುವುದು. ಜೋಡಿಸುವ ಕೆಲಸ ಎಲ್ಲ ಕಂಪ್ಯೂಟರಿನಲ್ಲಿ. ಫೋನಿನಲ್ಲೂ ಕಂಪ್ಯೂಟರಿನಲ್ಲೂ ಒಟ್ಟಿಗೆ ಒಂದೇ ಫೈಲ್ ತಿದ್ದಿದರೆ ಎರಡು ಪ್ರತಿ ಆಗಿಬಿಡುತ್ತದೆ. ಅದಕ್ಕೇ ಇನ್‌ಬಾಕ್ಸನ್ನು ಬೇರೆ ಫೈಲಿನಲ್ಲಿ ಇಟ್ಟಿದ್ದೇನೆ, ಅದನ್ನು ಫೋನಿನಿಂದ ಮಾತ್ರ ಬರೆಯುತ್ತೇನೆ. ಸಂಜೆ ಕಂಪ್ಯೂಟರಿನಲ್ಲಿ ಖಾಲಿ ಮಾಡುತ್ತೇನೆ.

ನನಗೆ ಇನ್ನೂ ದಾರಿ ಸಿಗದ ಒಂದು ಗೋಜಲು ಇದೆ: ಹಂಚಿಕೊಂಡ ಕೆಲಸ. ತಂಡದ ಕೆಲಸಗಳು ತಂಡದ ಬೋರ್ಡಿನಲ್ಲಿ, ಅಂದರೆ ಎಲ್ಲರೂ ನೋಡುವ ಆನ್‌ಲೈನ್ ಪಟ್ಟಿಯಲ್ಲಿ ಇರುತ್ತವೆ, ಇರಲೇಬೇಕು. ಅಲ್ಲಿರುವುದನ್ನು ನನ್ನ ಪಟ್ಟಿಗೂ ಬರೆದರೆ ಎರಡು ಕಡೆ ಟಿಕ್. ಬರೆಯದಿದ್ದರೆ ದಿನಾ ಎರಡು ಕಡೆ ನೋಡಬೇಕು. ಸದ್ಯಕ್ಕೆ ನನ್ನ ಪಟ್ಟಿಯಲ್ಲಿ "ಬೋರ್ಡಿನಲ್ಲಿ ನನ್ನ ಹೆಸರಿನ ಕಾರ್ಡ್ ನೋಡು" ಅಂತ ದಿನಾ ಮರುಕಳಿಸುವ ಒಂದೇ ಸಾಲು ಇಟ್ಟಿದ್ದೇನೆ. ಅಲ್ಲಿಂದ ಇವತ್ತು ಮಾಡುವ ಒಂದೆರಡನ್ನು ಮಾತ್ರ ನನ್ನ ಕಡೆ ಬರೆದುಕೊಳ್ಳುತ್ತೇನೆ, ಬೋರ್ಡಿನ ಲಿಂಕ್ ಸಮೇತ. ಎರಡನ್ನೂ ತಾನಾಗಿ ಹೊಂದಿಸುವ ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ ಬರೆದುಕೊಡುತ್ತೇನೆ ಅಂತ ತಂಡಕ್ಕೆ ಹೊಸದಾಗಿ ಸೇರಿದ ಆ ಹುಡುಗ ಹೇಳಿದ್ದಾನೆ. ಅದನ್ನು "ಕಾಯುತ್ತಿದೆ" ಸ್ಥಿತಿಯಲ್ಲಿ ಹಾಕಿದ್ದೇನೆ, ಅವನ ಹೆಸರು ಮೊದಲು, ಜ್ಞಾಪಿಸುವ ದಿನ ಮುಂದಿನ ಸೋಮವಾರ.